ಎಡಗಡೆ ಸೀಟಿನ ಕೆಲಸ: ಕಡಿಮೆ ಖರ್ಚಿನಲ್ಲಿ ಡ್ರೈವಿಂಗ್ ಇನ್‌ಸ್ಟ್ರಕ್ಟರ್ ಆಗುವ ಬಗೆ

ಯಾವುದಾದರೂ ಡ್ರೈವಿಂಗ್ ಸ್ಕೂಲಿನ ಆಫೀಸಿಗೆ ಹೋದರೆ ಮೊದಲು ಗೋಡೆ ನೋಡಿ. ಸ್ಕೂಲಿನ ಮೂಲ ಲೈಸೆನ್ಸು ಮತ್ತು ಅಲ್ಲಿ ಕಲಿಸುವವರ ಹೆಸರು-ವಿಳಾಸ, ಎರಡೂ ಬಂದವರ ಕಣ್ಣಿಗೆ ಬೀಳುವಂತೆ ಇರಬೇಕು ಎನ್ನುತ್ತವೆ ಕೇಂದ್ರ ಮೋಟಾರು ವಾಹನ ನಿಯಮಗಳು, 1989. ಆ ಪಟ್ಟಿಯಲ್ಲಿ ತಮ್ಮ ಹೆಸರೂ ಇರಲಿ ಎಂದು ಬಯಸುವ ಹುಡುಗರು, ಈಚೆಗೆ ಹೆಣ್ಣುಮಕ್ಕಳೂ, ಸಾಕಷ್ಟು ಮಂದಿ ಇದ್ದಾರೆ. ಅವರಲ್ಲಿ ಹೆಚ್ಚಿನವರ ಮೊದಲ ಪ್ರಶ್ನೆ ಒಂದೇ: ಎಷ್ಟು ದುಡ್ಡು ಬೇಕು? ಉತ್ತರ ಕೇಳಿದರೆ ಆಶ್ಚರ್ಯವಾಗಬಹುದು. ಈ ಕೆಲಸಕ್ಕೆ ದುಡ್ಡಿಗಿಂತ ಕಾಲ ಹೆಚ್ಚು ಬೇಕು. ಆ ಕಾಲವನ್ನು ದುಡ್ಡು ಕೊಟ್ಟು ಉಳಿಸಿಕೊಳ್ಳಲು ಹೊರಟವರೇ ಇಲ್ಲಿ ಕೈ ಸುಟ್ಟುಕೊಳ್ಳುವುದು.

ನಿಯಮ 24ರಲ್ಲಿ ಇನ್‌ಸ್ಟ್ರಕ್ಟರ್‌ಗೆ ಇರಬೇಕಾದ ಅರ್ಹತೆಗಳಿವೆ. ಹತ್ತನೇ ತರಗತಿ ಪಾಸಾಗಿರಬೇಕು. ಕನಿಷ್ಠ ಐದು ವರ್ಷ ವಾಹನ ಓಡಿಸಿದ ಅನುಭವ ಇರಬೇಕು. ಅದರ ಜೊತೆಗೆ ಮೋಟಾರ್ ಮೆಕ್ಯಾನಿಕ್ ಕೋರ್ಸಿನ ಸರ್ಟಿಫಿಕೇಟು ಅಥವಾ ಮೆಕ್ಯಾನಿಕಲ್ ಎಂಜಿನಿಯರಿಂಗಿನಲ್ಲಿ ಅದಕ್ಕಿಂತ ಹೆಚ್ಚಿನ ಓದು. ಅದನ್ನು ಕೊಟ್ಟ ಸಂಸ್ಥೆ ಸರ್ಕಾರದ್ದಾಗಿರಬೇಕು, ಇಲ್ಲವೇ ರಾಜ್ಯದ ತಾಂತ್ರಿಕ ಶಿಕ್ಷಣ ಮಂಡಳಿಯ ಮಾನ್ಯತೆ ಪಡೆದಿರಬೇಕು. ಸಂಚಾರ ಚಿಹ್ನೆಗಳು, ರಸ್ತೆ ನಿಯಮಗಳು ಚೆನ್ನಾಗಿ ಗೊತ್ತಿರಬೇಕು. ಗಾಡಿಯ ಭಾಗಗಳನ್ನು ತೋರಿಸಿ ಅವುಗಳ ಕೆಲಸವೇನೆಂದು ಬಿಡಿಸಿ ಹೇಳಲು ಬರಬೇಕು. ಇಂಗ್ಲಿಷಾಗಲಿ ಆ ಊರಿನ ಭಾಷೆಯಾಗಲಿ ಸಾಕಷ್ಟು ತಿಳಿದಿರಬೇಕು. ಕನ್ನಡ ಬಂದರೆ ಸಾಕು, ಇಂಗ್ಲಿಷ್ ಬರುವುದಿಲ್ಲವೆಂದು ಹಿಂಜರಿಯಬೇಕಿಲ್ಲ.

ಇದನ್ನು ಖರ್ಚಿನ ಲೆಕ್ಕದಲ್ಲಿ ಓದಿಕೊಳ್ಳಿ. ಎಸ್ಸೆಸ್ಸೆಲ್ಸಿ ಬಹುತೇಕರ ಬಳಿ ಇದೆ. ಚಿಹ್ನೆ, ನಿಯಮಗಳನ್ನು ಪುಸ್ತಕ ಹಿಡಿದು ಮನೆಯಲ್ಲೇ ಕಲಿಯಬಹುದು. ಐದು ವರ್ಷದ ಅನುಭವವನ್ನು ಸಂಬಳ ಪಡೆಯುತ್ತಲೇ ಗಳಿಸಬಹುದು. ಫೀಸು ಕಟ್ಟಿ ಪಡೆಯಬೇಕಾದದ್ದು ಮೆಕ್ಯಾನಿಕ್ ಸರ್ಟಿಫಿಕೇಟು ಒಂದೇ. ಅದಕ್ಕೂ ಸರ್ಕಾರಿ ದಾರಿ ಇದೆ.

ಮೆಕ್ಯಾನಿಕ್ ಸರ್ಟಿಫಿಕೇಟು

ಸರ್ಕಾರಿ ಐಟಿಐಗಳಲ್ಲಿ ಮೋಟಾರು ವಾಹನ ಮೆಕ್ಯಾನಿಕ್ ಎರಡು ವರ್ಷದ ಟ್ರೇಡು, ಡೀಸೆಲ್ ಮೆಕ್ಯಾನಿಕ್ ಒಂದು ವರ್ಷದ್ದು. ಖಾಸಗಿ ಕಾಲೇಜಿನ ಫೀಸಿನ ಮುಂದೆ ಇಲ್ಲಿಯದು ಏನೂ ಅಲ್ಲ. ವಿದ್ಯಾರ್ಥಿ ಬಸ್ ಪಾಸು ಸಿಗುತ್ತದೆ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಓಡಾಟದ ಖರ್ಚೂ ಉಳಿಯುತ್ತದೆ. ವಿದ್ಯಾರ್ಥಿವೇತನಕ್ಕೆ ಅರ್ಹರಾದವರು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಸಮಯಕ್ಕೆ ಸರಿಯಾಗಿ ಅರ್ಜಿ ಹಾಕಬೇಕು. ಕೊನೆಯ ದಿನ ದಾಟಿಸಿ ಆಮೇಲೆ ಪರಿತಪಿಸುವವರು ಪ್ರತಿ ವರ್ಷವೂ ಇರುತ್ತಾರೆ.

ಮೆಕ್ಯಾನಿಕಲ್ ಅಥವಾ ಆಟೊಮೊಬೈಲ್ ಡಿಪ್ಲೊಮಾ ಮುಗಿಸಿ ಕೆಲಸ ಸಿಗದೆ ಕುಳಿತವರಿಗೆ ಈ ಹಂತ ಆಗಲೇ ದಾಟಿದೆ. ಎಷ್ಟೋ ಜನರಿಗೆ ಇದು ಗೊತ್ತೇ ಇಲ್ಲ. ಮತ್ತೆ ಐಟಿಐ ಸೇರಬೇಕೇನೋ ಎಂದುಕೊಂಡಿರುತ್ತಾರೆ. ಅದು ಬೇಕಿಲ್ಲ.

ಸಂಸಾರ ಇರುವವರ ಕಷ್ಟ ಬೇರೆ. ಹತ್ತು ವರ್ಷದಿಂದ ಟ್ಯಾಕ್ಸಿ ಓಡಿಸುತ್ತಿರುವವರಿಗೆ ಅನುಭವ ಧಾರಾಳ, ಸರ್ಟಿಫಿಕೇಟು ಮಾತ್ರ ಇಲ್ಲ. ದುಡಿಮೆ ಬಿಟ್ಟು ಎರಡು ವರ್ಷ ತರಗತಿಯಲ್ಲಿ ಕೂರುವುದು ಆಗದ ಮಾತು. ಇಂಥವರನ್ನೇ ಹುಡುಕಿಕೊಂಡು ದಲ್ಲಾಳಿಗಳು ಬರುತ್ತಾರೆ. ಪರೀಕ್ಷೆ ಬೇಡ, ಹಾಜರಿ ಬೇಡ, ಇಷ್ಟು ಕೊಟ್ಟರೆ ಬೇರೆ ರಾಜ್ಯದ ಸಂಸ್ಥೆಯ ಹೆಸರಿನಲ್ಲಿ ಸರ್ಟಿಫಿಕೇಟು ಮನೆಗೇ ಬರುತ್ತದೆ ಎನ್ನುತ್ತಾರೆ. ಆರ್‌ಟಿಒ ಆ ಸಂಸ್ಥೆಗೊಂದು ಪತ್ರ ಬರೆದು ವಿಚಾರಿಸಿದರೆ ಕೊಟ್ಟ ದುಡ್ಡೂ ಹೋಯಿತು, ಮೇಲೊಂದು ಕೇಸೂ ಬಂತು.

ಅದರ ಬದಲು ಹತ್ತಿರದ ಸರ್ಕಾರಿ ಐಟಿಐ ಅಥವಾ ಪಾಲಿಟೆಕ್ನಿಕ್‌ಗೆ ಹೋಗಿ ಮೋಟಾರ್ ಮೆಕ್ಯಾನಿಕ್‌ನಲ್ಲಿ ಕಡಿಮೆ ಅವಧಿಯ ಕೋರ್ಸು ಯಾವುದಿದೆ ಎಂದು ಕೇಳಿ. ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲೇ ದೇಶದಾದ್ಯಂತ ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳು ಬಂದಿವೆ. ಅಲ್ಲಿ ಊಟ, ವಸತಿ, ಪಾಠ ಎಲ್ಲ ಉಚಿತ. ದ್ವಿಚಕ್ರ ವಾಹನ ರಿಪೇರಿ, ಲಘು ವಾಹನ ಚಾಲನೆಯಂಥ 30 ದಿನದ ತರಬೇತಿಗಳೂ ಇವೆ. ಕೈ ಕೆಲಸ ಕಲಿಯಲು ಅವು ಒಳ್ಳೆಯವೇ. ಆದರೆ ಅಂಥ ಸರ್ಟಿಫಿಕೇಟು ನಿಯಮ 24ಕ್ಕೆ ಸಾಕೇ ಎಂಬುದು ಬೇರೆ ಪ್ರಶ್ನೆ. ಸೇರುವ ಮೊದಲೇ ಕೋರ್ಸಿನ ವಿವರ ಹಿಡಿದು ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಕೇಳಿ. ಲಿಖಿತವಾಗಿ ಕೇಳಿ, ಉತ್ತರವನ್ನೂ ಲಿಖಿತವಾಗಿ ತೆಗೆದುಕೊಳ್ಳಿ. ಕೌಂಟರಿನಲ್ಲಿ ‘ನಡೆಯುತ್ತೆ ಬಿಡಿ’ ಎಂದವರು ನಾಲ್ಕು ವರ್ಷದ ನಂತರ ಅದೇ ಕುರ್ಚಿಯಲ್ಲಿ ಇರುವುದಿಲ್ಲ.

ಐದು ವರ್ಷ

ಕಾರಿನ ಲೈಸೆನ್ಸನ್ನು ಹದಿನೆಂಟು ತುಂಬಿದ ಕೂಡಲೇ ಮಾಡಿಸಿ. ಈಗ ಕಾರಿಲ್ಲ, ಆಮೇಲೆ ನೋಡೋಣ ಎನ್ನಬೇಡಿ. ಅನುಭವಕ್ಕೆ ಮೊದಲ ಸಾಕ್ಷಿ ಲೈಸೆನ್ಸಿನ ಮೇಲಿರುವ ದಿನಾಂಕ. ಸ್ಕೂಟರಿನ ಲೈಸೆನ್ಸು ಮಾತ್ರ ಮಾಡಿಸಿಕೊಂಡು ಕಾರಿನದನ್ನು ಮದುವೆ, ಮಕ್ಕಳು ಎಂದು ಮುಂದೂಡಿದ ಹೆಣ್ಣುಮಕ್ಕಳಿಗೆ ಪೆಟ್ಟು ಬೀಳುವುದು ಇಲ್ಲೇ. ಕೇಂದ್ರದ ನಿಯಮದ ಪ್ರಕಾರ ಕಲಿಕಾ ಲೈಸೆನ್ಸಿಗೆ 150 ರೂಪಾಯಿ, ಚಾಲನಾ ಪರೀಕ್ಷೆಗೆ 300, ಲೈಸೆನ್ಸಿಗೆ 200. ಸಣ್ಣಪುಟ್ಟ ಇತರ ಶುಲ್ಕಗಳು ಸೇರಿದರೂ ದೊಡ್ಡ ಮೊತ್ತವಲ್ಲ. ಏಜೆಂಟರ ಕೈಗೆ ಹೋಗುವುದೇ ಇದಕ್ಕಿಂತ ಹೆಚ್ಚು. ಸಾರಥಿ ಪೋರ್ಟಲ್‌ನಲ್ಲಿ ನೀವೇ ಅರ್ಜಿ ತುಂಬಿದರೆ ಆ ದುಡ್ಡು ಉಳಿಯುತ್ತದೆ. ಅರ್ಜಿ ತುಂಬುವುದನ್ನು ಕಲಿತಂತೆಯೂ ಆಯಿತು, ಮುಂದೆ ಸ್ಕೂಲಿನಲ್ಲಿ ದಿನವೂ ಅದೇ ಕೆಲಸ.

ಹತ್ತನೇ ತರಗತಿ ಮುಗಿಸಿ ನೇರ ಐಟಿಐ ಸೇರಿದ ಹುಡುಗನಿಗೆ ಕೋರ್ಸು ಮುಗಿಯುವ ಹೊತ್ತಿಗೆ ಹದಿನೆಂಟು ತುಂಬಿರುತ್ತದೆ. ಆಗಲೇ ಲೈಸೆನ್ಸು ಮಾಡಿಸಿದರೆ ಇಪ್ಪತ್ಮೂರಕ್ಕೆ ಅರ್ಹತೆಗಳೆಲ್ಲ ಕೈಯಲ್ಲಿ. ನಡುವಿನ ವರ್ಷಗಳಲ್ಲಿ ಏನು ಮಾಡಬೇಕು? ದುಡಿಯಬೇಕು. ಬಾಡಿಗೆ ಗಾಡಿ, ಅಂದರೆ ಟ್ರಾನ್ಸ್‌ಪೋರ್ಟ್ ವಾಹನ ಓಡಿಸಲು ಕಾಯ್ದೆಯ ಪ್ರಕಾರ ಇಪ್ಪತ್ತು ವರ್ಷ ತುಂಬಿರಬೇಕು. ಅಲ್ಲಿಯವರೆಗೆ ಬಿಳಿ ಬೋರ್ಡಿನ ಮನೆ ಕಾರುಗಳು, ಗ್ಯಾರೇಜು, ಸರ್ವಿಸ್ ಸ್ಟೇಷನ್ ಇದ್ದೇ ಇವೆ. ಇಪ್ಪತ್ತರ ನಂತರ ಟ್ಯಾಕ್ಸಿ, ಸಣ್ಣ ಸರಕು ಗಾಡಿ. ಇದಕ್ಕೆ ಪ್ರತ್ಯೇಕ ಅನುಮತಿ ಬೇಕೇ ಎಂಬ ಗೊಂದಲ ವರ್ಷಗಟ್ಟಲೆ ಇತ್ತು. ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಅದನ್ನು ಬಗೆಹರಿಸಿತು. ಲಘು ವಾಹನದ ಲೈಸೆನ್ಸು ಇದ್ದವರು ಒಟ್ಟು ತೂಕ 7,500 ಕೆ.ಜಿ. ಮೀರದ ಟ್ರಾನ್ಸ್‌ಪೋರ್ಟ್ ವಾಹನವನ್ನು ಬೇರೆ ಅನುಮತಿಯಿಲ್ಲದೆ ಓಡಿಸಬಹುದು.

ಈ ಐದು ವರ್ಷದಲ್ಲಿ ಯಾರ ಬಳಿ ಕೆಲಸ ಮಾಡಿದರೂ ಬಿಡುವಾಗ ಲೆಟರ್‌ಹೆಡ್‌ನಲ್ಲಿ ಒಂದು ಅನುಭವ ಪತ್ರ ಬರೆಸಿಕೊಳ್ಳಿ. ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಯಾವ ಬಗೆಯ ಗಾಡಿ, ಇಷ್ಟಿದ್ದರೆ ಸಾಕು. ಮಾಲೀಕರು ಖುಷಿಯಲ್ಲಿದ್ದಾಗ ಬರೆಸಿಕೊಳ್ಳುವುದು ಸುಲಭ.

ಯಾರೂ ಕಲಿಸದ ಪಾಠ

ಮೇಲಿನದೆಲ್ಲ ಕಾಗದದ ಮಾತು. ಕಾಗದವೆಲ್ಲ ಸರಿಯಿದ್ದೂ ಕಲಿಸಲು ಬಾರದವರಿದ್ದಾರೆ. ಗಾಡಿ ಓಡಿಸುವುದು ಅಭ್ಯಾಸವಾದಷ್ಟೂ ಅದನ್ನು ವಿವರಿಸುವುದು ಕಷ್ಟವಾಗುತ್ತದೆ. ಎಡಗಾಲು ಕ್ಲಚ್ಚಿನ ಮೇಲೆ ಏನು ಮಾಡುತ್ತಿದೆ ಎಂದು ಹತ್ತು ವರ್ಷ ಓಡಿಸಿದ ಚಾಲಕನನ್ನು ಕೇಳಿ ನೋಡಿ. ‘ಹಾಗೇ ಬಿಡೋದು ಸಾರ್’ ಎನ್ನುತ್ತಾನೆ.

ಇದನ್ನು ಬಿಟ್ಟಿಯಾಗಿ ಕಲಿಯುವ ಜಾಗ ಒಂದಿದೆ: ಡ್ರೈವಿಂಗ್ ಸ್ಕೂಲಿನ ಕಾರಿನ ಹಿಂದಿನ ಸೀಟು. ಅನುಭವದ ವರ್ಷಗಳು ಇನ್ನೂ ಪೂರ್ತಿಯಾಗದಿದ್ದಾಗಲೇ ಒಂದು ಸ್ಕೂಲಿಗೆ ಸಹಾಯಕನಾಗಿ ಸೇರಿಕೊಳ್ಳಿ. ಬೆಳಗ್ಗೆ ಗಾಡಿ ಒರೆಸುವುದು, ಹವಾ ನೋಡುವುದು, ಕಲಿಯುವವರ ಅರ್ಜಿ ತುಂಬುವುದು, ಸ್ಲಾಟ್ ಬುಕ್ ಮಾಡುವುದು, ಫಾರಂ 14ರ ದಾಖಲಾತಿ ರಿಜಿಸ್ಟರು, ಫಾರಂ 15ರ ಚಾಲನಾ ಗಂಟೆಗಳ ಲೆಕ್ಕ, ಎಲ್ಲ ಸ್ಕೂಲಿನಲ್ಲೂ ಇದಕ್ಕೆ ಒಬ್ಬರು ಬೇಕು. ಸಂಬಳ ಕಡಿಮೆಯೇ. ಅದರ ಬದಲಿಗೆ ಪಾಠದ ಹೊತ್ತಿನಲ್ಲಿ ಹಿಂದೆ ಕೂರಲು ಬಿಡಿ ಎಂದು ಕೇಳಿಕೊಳ್ಳಿ.

ಹಿಂದಿನ ಸೀಟಿನಿಂದ ಏನು ಕಾಣುತ್ತದೆ? ಬೆಳಗ್ಗೆ ಆರೂವರೆ, ಬಡಾವಣೆಯ ಖಾಲಿ ರಸ್ತೆ. ಕಲಿಯಲು ಬಂದಾಕೆಗೆ ನಲವತ್ತು ದಾಟಿದೆ. ಎರಡು ಸಲ ಗಾಡಿ ಜರ್ಕ್ ಹೊಡೆದು ಆಫ್ ಆಗಿದೆ. “ಸಾರ್, ನನ್ನ ಕೈಲಿ ಆಗಲ್ಲ ಬಿಡಿ.” ಇನ್‌ಸ್ಟ್ರಕ್ಟರ್ ಧ್ವನಿ ಏರಿಸುವುದಿಲ್ಲ. “ಆಗತ್ತೆ ಮೇಡಂ. ಆಕ್ಸಿಲರೇಟರ್ ಮರೆತುಬಿಡಿ, ಆ ಕಾಲು ಪಕ್ಕಕ್ಕಿಡಿ. ಕ್ಲಚ್ ಪೂರ್ತಿ ಒತ್ತಿ. ಫಸ್ಟ್ ಹಾಕಿ. ಹಿಮ್ಮಡಿ ನೆಲಕ್ಕೆ ಊರಿ. ಈಗ ಸ್ವಲ್ಪ ಸ್ವಲ್ಪ ಸಡಿಲ ಬಿಡಿ... ಎಂಜಿನ್ ಸದ್ದು ದಪ್ಪ ಆಯ್ತಲ್ಲ? ಅಲ್ಲೇ ನಿಲ್ಲಿಸಿ. ಬಿಡಬೇಡಿ. ಹಾ, ಇದೇ ಹಾಫ್ ಕ್ಲಚ್.” ಕಾರು ತಾನಾಗೇ ತೆವಳುತ್ತದೆ. ಆಕೆಗೆ ಸದ್ದು ಕೇಳಿಸಿತು, ಕಾಲಡಿಯ ನಡುಕ ತಿಳಿಯಿತು. ಇನ್ನು ಪೆಡಲ್ಲನ್ನು ಬಗ್ಗಿ ನೋಡುವ ಅಗತ್ಯವಿಲ್ಲ.

ಅದೇ ರಸ್ತೆಯಲ್ಲಿ ಇನ್ನೊಂದು ಸ್ಕೂಲಿನ ಕಾರು ಹೋಗುತ್ತಿರುತ್ತದೆ, ಒಂದು ಸಲವೂ ಆಫ್ ಆಗದೆ, ನುಣ್ಣಗೆ. ಅಲ್ಲಿನ ಇನ್‌ಸ್ಟ್ರಕ್ಟರ್‌ನ ಕಾಲು ನೋಡಬೇಕು. ಡ್ಯುಯಲ್ ಕಂಟ್ರೋಲ್ ಕಾರಿನಲ್ಲಿ ಎಡಗಡೆಯೂ ಬ್ರೇಕು, ಕ್ಲಚ್ಚು ಇರುತ್ತವಲ್ಲ, ಆತ ತನ್ನ ಕಡೆಯ ಕ್ಲಚ್ಚನ್ನು ತಾನೇ ಒತ್ತಿ ಬಿಡುತ್ತಿರುತ್ತಾನೆ. ಕಲಿಯುವವನು ಬರೀ ಸ್ಟೇರಿಂಗ್ ಹಿಡಿದು ತಾನೇ ಓಡಿಸುತ್ತಿದ್ದೇನೆ ಎಂದುಕೊಂಡಿರುತ್ತಾನೆ. ಇಪ್ಪತ್ತು ದಿನ ಹೀಗೆ ಸುಖವಾಗಿ ಕಳೆದು ಪರೀಕ್ಷೆಯ ದಿನ ಎಡಗಡೆಗೆ ಮೋಟಾರು ವಾಹನ ಇನ್‌ಸ್ಪೆಕ್ಟರ್ ಬಂದು ಕೂತಾಗ ಗಾಡಿ ಏರಿನ ಮೇಲೆ ಹಿಂದಕ್ಕೆ ಜಾರುತ್ತದೆ. ನನ್ನನ್ನು ಕೇಳಿದರೆ ಒಳ್ಳೆಯ ಇನ್‌ಸ್ಟ್ರಕ್ಟರ್‌ನ ಗುರುತು ಇಷ್ಟೇ: ಆತನ ಕಾಲು ಪೆಡಲ್ಲಿನ ಮೇಲೆ ಸದಾ ಸಿದ್ಧವಾಗಿರುತ್ತದೆ, ಆದರೆ ಒತ್ತುವುದು ಅಪರೂಪ. ಒತ್ತಿದಾಗ ‘ಈಗ ನಾನು ಬ್ರೇಕ್ ಹಿಡಿದೆ, ಯಾಕೆ ಅಂದರೆ’ ಎಂದು ಹೇಳಿಬಿಡುತ್ತಾನೆ.

ಹಿಂದೆ ಕುಳಿತು ಗಮನಿಸಬೇಕಾದ ಎರಡನೆಯ ಸಂಗತಿ ಮಾತಿನ ಹೊತ್ತು. ತಿರುವಿನಲ್ಲಿ ‘ಎಡಕ್ಕೆ’ ಎಂದರೆ ತಡವಾಯಿತು. ಕೇಳಿಸಿಕೊಂಡು, ಅರ್ಥ ಮಾಡಿಕೊಂಡು, ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಬ್ರೇಕು, ಕ್ಲಚ್ಚು, ಸೆಕೆಂಡ್ ಗೇರು. ಹೊಸಬರಿಗೆ ಇದಕ್ಕೆಲ್ಲ ಎಷ್ಟು ಹೊತ್ತು ಬೇಕೋ ಅಷ್ಟು ಮೊದಲೇ ಹೇಳಬೇಕು. ‘ಕಟ್ ಮಾಡಿ, ಕಟ್ ಮಾಡಿ, ಇನ್ನೂ ಕಟ್ ಮಾಡಿ’ ಎಂದು ಕೂಗುವವರು ಯಾವ ಕಡೆಗೆ, ಎಷ್ಟು ಎಂದು ಹೇಳುವುದೇ ಇಲ್ಲ. ‘ಎಡಕ್ಕೆ ಅರ್ಧ ಸುತ್ತು’ ಎಂದರೆ ಕೈಗೆ ಅರ್ಥವಾಗುತ್ತದೆ.

ಇದಕ್ಕೆ ಕಾಸಿಲ್ಲದೆ ಮಾಡುವ ಅಭ್ಯಾಸವೊಂದಿದೆ. ಒಬ್ಬರೇ ಗಾಡಿ ಓಡಿಸುವಾಗ ಮಾಡುವುದನ್ನೆಲ್ಲ ಗಟ್ಟಿಯಾಗಿ ಹೇಳುತ್ತಾ ಹೋಗಿ: ಮುಂದೆ ಬಸ್ಸು ನಿಂತಿದೆ, ಹಿಂದಿನಿಂದ ಯಾರಾದರೂ ಇಳಿದು ಅಡ್ಡ ಬರಬಹುದು, ಕಾಲು ಬ್ರೇಕಿನ ಮೇಲೆ ತಂದೆ, ಬಲ ಕನ್ನಡಿ ನೋಡಿದೆ. ಮೊದಲ ಎರಡು ದಿನ ನಾಲಿಗೆ ತೊದಲುತ್ತದೆ, ಅಕ್ಕಪಕ್ಕದವರು ನೋಡಿ ನಗುತ್ತಾರೆ. ನಗಲಿ. ತಿಂಗಳು ಕಳೆಯುವ ಹೊತ್ತಿಗೆ ಕಾಲು ಮಾಡುವುದನ್ನು ಬಾಯಿ ಹೇಳಬಲ್ಲದು. ಗಾಡಿಯ ಭಾಗಗಳನ್ನು ವಿವರಿಸುವುದಕ್ಕೂ ದುಬಾರಿ ಮಾದರಿ ಬೇಕಿಲ್ಲ. ಎರಡು ಸ್ಟೀಲ್ ತಟ್ಟೆಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ಒಂದನ್ನು ತಿರುಗಿಸಿ ತೋರಿಸಿದರೆ ಕ್ಲಚ್ ಪ್ಲೇಟು ಎಂಜಿನ್ನಿನ ತಿರುಗಾಟವನ್ನು ಗೇರ್ ಬಾಕ್ಸಿಗೆ ಹೇಗೆ ದಾಟಿಸುತ್ತದೆ ಎಂಬುದು ಯಾರಿಗಾದರೂ ಹೊಳೆಯುತ್ತದೆ.

ದುಡಿಮೆಯ ಲೆಕ್ಕ

ನಿಯಮ 31ರ ಪ್ರಕಾರ ಸ್ವಂತ ಬಳಕೆಯ ಕಾರಿನ ತರಬೇತಿ 21 ದಿನಕ್ಕಿಂತ ಕಡಿಮೆ ಇರುವಂತಿಲ್ಲ. ಗಾಡಿ ಓಡಿಸುವುದೇ ಕನಿಷ್ಠ 10 ಗಂಟೆ. ದಿನಕ್ಕೆ ಅರ್ಧ ಗಂಟೆ ಎಂದರೆ 21 ದಿನಕ್ಕೆ ಹತ್ತೂವರೆ ಗಂಟೆ. ಸ್ಕೂಲುಗಳ ಅರ್ಧ ಗಂಟೆಯ ಪಾಠ ಈ ಲೆಕ್ಕಕ್ಕೆ ಸರಿಹೋಗುತ್ತದೆ. ಟ್ರಾನ್ಸ್‌ಪೋರ್ಟ್ ವಾಹನಕ್ಕಾದರೆ 30 ದಿನ, 15 ಗಂಟೆ. ಕರ್ನಾಟಕದಲ್ಲಿ 2024ರ ಜನವರಿಯಿಂದ ಕಾರು ತರಬೇತಿಯ ಶುಲ್ಕ 4,000ದಿಂದ 7,000 ರೂಪಾಯಿಗೆ ಏರಿತು. ಅಂದರೆ ಗಾಡಿ ಓಡುವ ಒಂದು ಗಂಟೆಗೆ ಸ್ಕೂಲಿಗೆ ಬರುವುದು ಹೆಚ್ಚೆಂದರೆ 700 ರೂಪಾಯಿ. ಫಸ್ಟು, ಸೆಕೆಂಡಿನಲ್ಲೇ ಓಡುವ ಗಾಡಿ ಕುಡಿಯುವ ಪೆಟ್ರೋಲು, ಆಗಾಗ ಸವೆದು ಹೋಗುವ ಕ್ಲಚ್ ಪ್ಲೇಟು, ಆಫೀಸಿನ ಬಾಡಿಗೆ, ಇನ್ಶೂರೆನ್ಸ್ ಎಲ್ಲ ಅದರಲ್ಲೇ ಹೋಗಿ ಉಳಿದದ್ದರಲ್ಲಿ ನಿಮ್ಮ ಸಂಬಳ. ಈ ಲೆಕ್ಕ ಗೊತ್ತಿದ್ದರೆ ಸಂಬಳದ ಮಾತಿಗೆ ಕೂತಾಗ ತೀರಾ ಕಡಿಮೆಗೆ ಒಪ್ಪುವುದೂ ಇಲ್ಲ, ಆಗದ್ದನ್ನು ಕೇಳುವುದೂ ಇಲ್ಲ.

ಹೆಂಗಸರಿಗೆ ಇಲ್ಲಿ ಬೇಡಿಕೆ ಹೆಚ್ಚು. ಕಲಿಯಲು ಬರುವ ಹೆಣ್ಣುಮಕ್ಕಳು ‘ಲೇಡಿ ಇನ್‌ಸ್ಟ್ರಕ್ಟರ್ ಇದ್ದಾರಾ’ ಎಂದು ಮೊದಲೇ ಫೋನಿನಲ್ಲಿ ಕೇಳುತ್ತಾರೆ. ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರ ನಡುವೆ, ಗಂಡಸರ ಬ್ಯಾಚುಗಳು ಖಾಲಿ ಇರುವ ಹೊತ್ತಿನಲ್ಲೇ ಗೃಹಿಣಿಯರು ಬರುವುದು. ಮಕ್ಕಳನ್ನು ಶಾಲೆಗೆ ಕಳಿಸಿ ಬರುವ ಇನ್‌ಸ್ಟ್ರಕ್ಟರ್‌ಗೂ ಅದು ಅನುಕೂಲದ ಸಮಯ.

ಕೈಯಲ್ಲಿ ದುಡ್ಡಿಲ್ಲದಾಗ ಇನ್ನೊಂದು ಆಸೆ ಹುಟ್ಟುತ್ತದೆ: ಸ್ಕೂಲು ಯಾಕೆ, ಅವರವರ ಕಾರಿನಲ್ಲೇ ಹೋಗಿ ಕಲಿಸಿ ದುಡ್ಡು ತೆಗೆದುಕೊಂಡರಾಯಿತು. ನಗರಗಳಲ್ಲಿ ಇದು ಧಾರಾಳವಾಗಿ ನಡೆಯುತ್ತಿದೆ. ಮನೆಯವರಿಗೆ, ಗೆಳೆಯರಿಗೆ ದುಡ್ಡಿಲ್ಲದೆ ಕಲಿಸಲು ಅಡ್ಡಿಯಿಲ್ಲ. ಕಲಿಯುವವರ ಬಳಿ ಕಲಿಕಾ ಲೈಸೆನ್ಸು, ಗಾಡಿಯ ಹಿಂದೆ ಮುಂದೆ ಬಿಳಿಯ ಮೇಲೆ ಕೆಂಪಕ್ಷರದ ‘ಎಲ್’ ಇದ್ದು, ಲೈಸೆನ್ಸಿರುವವರೊಬ್ಬರು ಗಾಡಿಯನ್ನು ಹತೋಟಿಗೆ ತರಲು ಅಥವಾ ನಿಲ್ಲಿಸಲು ಆಗುವಂತೆ ಪಕ್ಕದಲ್ಲಿ ಕೂತಿದ್ದರೆ ಸಾಕು. ದುಡ್ಡು ತೆಗೆದುಕೊಂಡು ಕಲಿಸಲು ಶುರುಮಾಡಿದ ಕ್ಷಣದಿಂದ ಸ್ಕೂಲಿನ ಲೈಸೆನ್ಸು ಬೇಕು. ಅದಿಲ್ಲದೆ ನೀವು ಫಾರಂ 5ರ ತರಬೇತಿ ಪ್ರಮಾಣಪತ್ರ ಕೊಡುವಂತಿಲ್ಲ. ಮನೆ ಕಾರಿನಲ್ಲಿ ನಿಮ್ಮ ಕಡೆಗೆ ಬ್ರೇಕಿಲ್ಲ, ಇರುವುದು ಹ್ಯಾಂಡ್ ಬ್ರೇಕ್ ಮಾತ್ರ. ಅಪಘಾತವಾದರೆ ಇನ್ಶೂರೆನ್ಸ್ ಕಂಪನಿ ಕೇಳುವ ಮೊದಲ ಪ್ರಶ್ನೆಗೇ ಉತ್ತರ ಇರುವುದಿಲ್ಲ.

ಸ್ವಂತ ಸ್ಕೂಲು ತೆರೆಯುವುದು ಬೇರೆಯದೇ ಲೆಕ್ಕ; ಇಕ್ಕಟ್ಟಿನಲ್ಲಿರುವವರು ಮೊದಲ ಕೆಲವು ವರ್ಷ ಅದರ ಗೋಜಿಗೆ ಹೋಗದಿರುವುದೇ ಲೇಸು. ಲೈಸೆನ್ಸಿನ ಶುಲ್ಕವೇ 10,000 ರೂಪಾಯಿ. ಐದು ವರ್ಷಕ್ಕೊಮ್ಮೆ ನವೀಕರಣ. ಜಾಗ ಬೇಕು. ಬೈಕು ಬಿಟ್ಟು, ಕಲಿಸುವ ಒಂದೊಂದು ಬಗೆಗೂ ಒಂದೊಂದು ಗಾಡಿ ಸ್ಕೂಲಿನ ಹೆಸರಿನಲ್ಲಿರಬೇಕು, ಅದಕ್ಕೆ ಡ್ಯುಯಲ್ ಕಂಟ್ರೋಲ್ ಇರಬೇಕು, ಅದನ್ನು ಕಲಿಸುವುದಕ್ಕಷ್ಟೇ ಬಳಸಬೇಕು. ಭಾನುವಾರ ಬಾಡಿಗೆಗೆ ಬಿಟ್ಟು ಸಾಲದ ಕಂತು ತುಂಬಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ. ಕಪ್ಪು ಹಲಗೆ, ಚಿಹ್ನೆಗಳ ಚಾರ್ಟು, ಎಂಜಿನ್, ಗೇರ್ ಬಾಕ್ಸ್, ಬ್ರೇಕ್ ಶೂ-ಡ್ರಮ್ಮು, ಪಂಕ್ಚರ್ ಕಿಟ್ಟು, ಜಾಕು, ಸ್ಪ್ಯಾನರ್ ಸೆಟ್ಟು, ಬೆಂಚು, ಪ್ರಥಮ ಚಿಕಿತ್ಸೆ ಪೆಟ್ಟಿಗೆ ಎಂದು ಪಟ್ಟಿ ಉದ್ದವಿದೆ. ಇವುಗಳಲ್ಲಿ ಅಗ್ಗವಾಗಿ ಸಿಗುವುದು ಎಂಜಿನ್ನು, ಗೇರ್ ಬಾಕ್ಸು: ಬೆಂಗಳೂರಿನ ಶಿವಾಜಿನಗರದಂಥ ಗುಜರಿ ಪೇಟೆಯಲ್ಲಿ ಓಡದ ಗಾಡಿಯದನ್ನು ತಂದು ತೊಳೆದು, ಬಣ್ಣ ಹಚ್ಚಿ ಇಟ್ಟರೆ ಪಾಠಕ್ಕೆ ಅದೇ ಸಾಕು.

ಇನ್ನೊಂದು ಬದಲಾವಣೆಯನ್ನೂ ಗಮನದಲ್ಲಿಡಿ. 2021ರ ಜುಲೈನಿಂದ ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರಗಳೆಂಬ ಹೊಸ ಬಗೆಯ ಸಂಸ್ಥೆಗಳಿಗೆ ನಿಯಮ ಬಂದಿದೆ. ಲಘು ವಾಹನಕ್ಕೆ ಕನಿಷ್ಠ ಒಂದು ಎಕರೆ ಜಾಗ, ಸಿಮ್ಯುಲೇಟರ್, ನಾಲ್ಕು ವಾರದೊಳಗೆ 29 ಗಂಟೆಯ ಪಾಠ. ಅಲ್ಲಿ ಪಾಸಾಗಿ ಫಾರಂ 5ಬಿ ಪಡೆದವರಿಗೆ ಆರ್‌ಟಿಒದಲ್ಲಿ ಮತ್ತೆ ಚಾಲನಾ ಪರೀಕ್ಷೆ ಇಲ್ಲ. ಸಾಮಾನ್ಯ ಸ್ಕೂಲಿನ ಫಾರಂ 5ಕ್ಕೆ ಆ ವಿನಾಯಿತಿ ಇಲ್ಲ. ಒಂದು ಎಕರೆ ಜಾಗ ಹೊಂದಿಸುವ ತಲೆನೋವು ಮಾಲೀಕರದ್ದು. ಅಂಥಲ್ಲಿ ಕೆಲಸಕ್ಕೆ ಹೋಗುವ ಇನ್‌ಸ್ಟ್ರಕ್ಟರ್ ಕಂಪ್ಯೂಟರು, ಬಯೊಮೆಟ್ರಿಕ್ ಹಾಜರಿಗೆ ಒಗ್ಗಿಕೊಂಡಿರಬೇಕು.

ಕೆಲಸಕ್ಕೆ ಸೇರುವ ದಿನ ಮಾಲೀಕರನ್ನು ಕೆಲವು ಪ್ರಶ್ನೆ ಕೇಳಲು ಸಂಕೋಚ ಬೇಡ. ಆರ್‌ಟಿಒ ದಾಖಲೆಗೆ ನನ್ನ ಹೆಸರು ಯಾವಾಗ ಸೇರಿಸುತ್ತೀರಿ? ಕಾರಿನ ಇನ್ಶೂರೆನ್ಸ್ ಡ್ರೈವಿಂಗ್ ಕಲಿಸುವ ಬಳಕೆಗೆ ಮಾಡಿಸಿದ್ದೇ, ಅಥವಾ ಮಾಮೂಲಿ ಖಾಸಗಿ ಕಾರಿನ ಪಾಲಿಸಿಯೇ? ಎಡಗಡೆಯ ಬ್ರೇಕಿನ ರಾಡು, ಕೇಬಲ್ಲು ಕೊನೆಯ ಸಲ ಯಾವಾಗ ಪರೀಕ್ಷಿಸಿದ್ದು? ಕಲಿಯುವವರು ಗಾಡಿ ತರಚಿದರೆ ರಿಪೇರಿ ಯಾರದ್ದು, ಸಿಗ್ನಲ್ ಜಂಪಿನ ದಂಡ ಯಾರದ್ದು? ಕೊನೆಯದಕ್ಕೆ ‘ಅದೆಲ್ಲ ಆಮೇಲೆ ನೋಡೋಣ’ ಎಂಬ ಉತ್ತರ ಬಂದರೆ ಅದು ನಿಮ್ಮ ಸಂಬಳದಲ್ಲೇ ಕಡಿತವಾಗುತ್ತದೆ ಎಂದು ತಿಳಿಯಿರಿ, ಮುಂದಿನ ಸ್ಕೂಲಿನ ಬಾಗಿಲು ತಟ್ಟಿ.